ಭಾನುವಾರ ಖಾಲಿ ಇರುತ್ತಿದ್ದ ಜಾಡಿ

2 ಏಪ್ರಿಲ್

ಅಕ್ಕಾ,

ನಿನ್ನ ಕಾಗದ ತಲುಪಿತು. ಅರವತ್ತು ದಾಟಿದವಳ ಲಕೋಟೆಯ ಮೇಲೆ ಇನ್ನೂ ‘ಪುಟ್ಟಿ’ ಎಂದೇ ಬರೆಯುತ್ತೀಯಲ್ಲ, ನಿನಗೆ ಏನು ಹೇಳಲಿ! ಅಂಚೆಯವನು ಬಾಗಿಲಲ್ಲಿ ನಿಂತು, “ಪುಟ್ಟಿ ಅಂದ್ರೆ ಯಾರಮ್ಮಾ, ನಿಮ್ಮ ಮೊಮ್ಮಗಳಾ?” ಎಂದ. “ನಾನೇ ಕಣಪ್ಪ” ಎಂದೆ. ಮೇಲಿಂದ ಕೆಳಗಿನವರೆಗೆ ನೋಡಿ, ನಗು ತಡೆದುಕೊಂಡು ಕೊಟ್ಟು ಹೋದ.

ಮೊನ್ನೆ ನಿನ್ನ ಸೊಸೆ ಫೋನ್ ಮಾಡಿ ನಿನ್ನ ಕಿವಿಗೆ ಹಿಡಿದಿದ್ದಳು. ನಾನು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರೆ ನೀನು “ಆ ಕಡೆ ಯಾರೂ ಇಲ್ಲ ಕಣೇ” ಎಂದು ಇಟ್ಟುಬಿಟ್ಟೆ. ಹೊಲಿಗೆ ಯಂತ್ರಗಳು ನಿನ್ನ ಕಿವಿ ತಿಂದವು, ಟೆಲಿಫೋನ್ ಎಕ್ಸ್‌ಚೇಂಜು ನನ್ನ ತಾಳ್ಮೆ ತಿಂದಿತು. ಕಂಡವರ ಮಾತನ್ನು ಕಂಡವರಿಗೆ ಜೋಡಿಸಿ ಜೋಡಿಸಿ, ಈಗ ಫೋನು ಕಿಣಿಗುಟ್ಟಿದರೆ ಸಾಕು, ಮೈಯೆಲ್ಲ ಉರಿಯುತ್ತದೆ. ನಮ್ಮಿಬ್ಬರಿಗೂ ಕಾಗದವೇ ಸರಿ.

ವಿಷಯಕ್ಕೆ ಬರುತ್ತೇನೆ. ಮನೆಯ ಮಾಲೀಕರು ಮುಂದಿನ ತಿಂಗಳ ಕೊನೆಗೆ ಮನೆ ಬಿಡಬೇಕೆಂದಿದ್ದಾರೆ. ಅವರ ಮಗಳು ಬಂದು ಇರುತ್ತಾಳಂತೆ. ಎದುರುಮನೆಯ ನರ್ಸಮ್ಮ ಯಾವುದೋ ಹಿರಿಯರ ವಸತಿಗೆ ಸೇರುತ್ತಿದ್ದಾರೆ, “ನೀನೂ ಬಾ, ಇಬ್ಬರೂ ಒಂದೇ ರೂಮಲ್ಲಿರೋಣ” ಎನ್ನುತ್ತಾರೆ. ನೀನು ನಿನ್ನ ಮನೆಯ ಮಹಡಿಯ ಕೋಣೆಗೆ ಬಾ ಎನ್ನುತ್ತೀಯ. ನನಗೆ ಯಾವ ಕಡೆ ಹೆಜ್ಜೆ ಇಡಬೇಕೆಂದೇ ತಿಳಿಯುತ್ತಿಲ್ಲ. ನಿಜ ಹೇಳಲಾ, ನಿನ್ನ ಜೊತೆ ಇರಲು ಹೆದರಿಕೆ. ವಯಸ್ಸಿನಲ್ಲಿ ಕೆಲಸಕ್ಕೆಂದು ಬಂದು ನಾವಿಬ್ಬರೂ ಇದ್ದ ಆ ಬಾಡಿಗೆ ಕೋಣೆಯಲ್ಲಿ ನಿನಗೆ ಹಗಲು ಪಾಳಿ, ನನಗೆ ರಾತ್ರಿ ಪಾಳಿ. ಇಬ್ಬರೂ ಮನೆಯಲ್ಲಿರುತ್ತಿದ್ದದ್ದು ಭಾನುವಾರ ಒಂದೇ ದಿನ, ಆ ಒಂದು ದಿನವೂ ಜಗಳ. ಈಗ ವಾರಪೂರ್ತಿ ಜೊತೆಗಿದ್ದರೆ ಏನು ಗತಿ?

ಆದರೂ ಬರಬೇಕು ಅನಿಸುವುದು ಒಂದೇ ಕಾರಣಕ್ಕೆ. ಆ ತಣ್ಣನೆ ಕಾಫಿ. ನಾನು ಪಾಳಿ ಮುಗಿಸಿ ಬಂದು ಮಲಗಿ, ಮಧ್ಯಾಹ್ನ ಸೆಕೆಗೆ ಎದ್ದರೆ ಗೊರಗೊರ ಎನ್ನುವ ಆ ಹಳೇ ಫ್ರಿಜ್ಜಿನಲ್ಲಿ ನೀನು ಮಾಡಿಟ್ಟ ಕಾಫಿಯ ಜಾಡಿ ಇರುತ್ತಿತ್ತು. ಗಂಟಲಿಗೆ ಹಿಡಿಯುವ ಕಹಿ ಇಲ್ಲ, ನೀರುನೀರಲ್ಲ, ಕೊನೆಯ ಗುಟುಕಿನ ಹಿಂದೆ ಯಾವುದೋ ಪರಿಮಳ. ಅಷ್ಟು ದೊಡ್ಡ ಊರಲ್ಲಿ ನಾನೊಬ್ಬಳು ಬದುಕಿದ್ದೇನೆ ಎಂದು ಯಾರಿಗೋ ಗೊತ್ತಿದೆ ಅನ್ನುವುದಕ್ಕೆ ನನಗಿದ್ದ ಸಾಕ್ಷಿ ಅದೊಂದೇ. ನೀನು ಬಾಯಿಬಿಟ್ಟು ಒಂದು ಒಳ್ಳೆ ಮಾತು ಆಡಿದವಳಲ್ಲ. ಜಾಡಿ ಆಡುತ್ತಿತ್ತು.

ನಾನು ಇಲ್ಲಿ ಎಷ್ಟು ಸಲ ಪ್ರಯತ್ನಪಟ್ಟರೂ ಬರುವುದಿಲ್ಲ. ಬಿಸಿ ಡಿಕಾಕ್ಷನ್‌ಗೆ ಐಸ್ ಹಾಕಿದರೆ ಕಷಾಯದ ತಂಗಿ. ಹಾಗಾಗಿ ನನ್ನ ಷರತ್ತು ಇಷ್ಟೇ: ಆ ಕಾಫಿ ಮಾಡಿಕೊಡುವುದಾದರೆ ಬರುತ್ತೇನೆ. ಹೂಂ ಅಂತೀಯಾ?

ಪುಟ್ಟಿ

8 ಏಪ್ರಿಲ್
(ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡದ್ದು)

ಪುಟ್ಟಿ,

ಆ ಕಾಫಿಯನ್ನು ನಾನು ಒಂದು ದಿನವೂ ಮಾಡಿಲ್ಲ ಕಣೇ. ಮಾಡುತ್ತಿದ್ದವಳು ನೀನು! ಸಂಜೆ ಬೆನ್ನು ನೆಟ್ಟಗೆ ಮಾಡಲಾಗದೆ ಬಂದರೆ ನೀನು ಕೆಲಸಕ್ಕೆ ಹೋಗಿರುತ್ತಿದ್ದೆ, ನನಗಾಗಿ ಜಾಡಿಯಲ್ಲಿ ತಣ್ಣನೆ ಕಾಫಿ ಇರುತ್ತಿತ್ತು. ನಾನು ರಾತ್ರಿ ಒಂದಿಷ್ಟು ಪುಡಿ ನೆನೆಹಾಕಿ ಇಡುತ್ತಿದ್ದದ್ದು ನಿಜ, ಆದರೆ ಅದು ಸಂಜೆಗೆ ಉಳಿಯುತ್ತಲೇ ಇರಲಿಲ್ಲ. ನೀನು ಅದನ್ನು ಕುಡಿದು, ಜಾಡಿ ತೊಳೆದು, ನನಗೆ ಬೇರೆ ಮಾಡಿಟ್ಟು ಹೋಗುತ್ತಿದ್ದೆ. ಇಷ್ಟೂ ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಅದನ್ನೇ. ನನ್ನ ತಂಗಿ ಬಾಯಲ್ಲಿ ಬೆಂಕಿ, ಕೈಯಲ್ಲಿ ಬೆಣ್ಣೆ ಎಂದು.

ನಿನ್ನ ಭಾವನಿಗೂ ಮರೆವು ಹೀಗೇ ಶುರುವಾದದ್ದು. ತಾವೇ ಕಟ್ಟಿದ ಕಾಂಪೌಂಡ್ ಗೋಡೆ ತೋರಿಸಿ, “ಎಷ್ಟು ನೀಟಾಗಿ ಕಟ್ಟಿದ್ದಾನೆ ನೋಡು, ಯಾವ ಮೇಸ್ತ್ರಿಯೋ” ಎಂದರು. ನಾನು ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

9 ಏಪ್ರಿಲ್

ಪುಟ್ಟಿ,

ಕಾಫಿ ತಾನೆ? ಮಾಡಿಕೊಡದೆ ಏನು! ಅದೊಂದು ದೊಡ್ಡ ವಿಷಯವೇ? ಹೂಂ ಎಂದೇ ಇಟ್ಟುಕೋ. ನೀನು ಮೊದಲು ಗಂಟುಮೂಟೆ ಕಟ್ಟು.

ಸುಮ್ಮನೆ ಕೇಳುತ್ತೇನೆ, ತಪ್ಪು ತಿಳಿಯಬೇಡ. ಆ ಕಾಫಿಯಲ್ಲಿದ್ದ ಪರಿಮಳ ಯಾವುದರದು ಅನ್ನುವುದು ನಿನಗೆ ನೆನಪಿದೆಯಾ? ಹಾಲು ಕಾಯಿಸಿದ್ದೋ, ಹಸಿಯೋ? ಐಸು ಕರಗಿದರೂ ಕಾಫಿ ತೆಳುವಾಗುತ್ತಿರಲಿಲ್ಲವಲ್ಲ, ಅದು ಹೇಗೆ? ನನಗೆ ಗೊತ್ತಿದೆ, ಆದರೂ ನಿನ್ನ ಬಾಯಿಂದ ಕೇಳೋಣ ಅಂತ.

ಇವತ್ತು ಒಂದು ಕೈ ನೋಡಿದೆ. ದಾಲ್ಚಿನ್ನಿ, ಶುಂಠಿ, ಕಿತ್ತಳೆ ಸಿಪ್ಪೆ ಹಾಕಿ ಕುದಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟೆ. ಸೊಸೆ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡು ಹೇಳಿದಳು, “ಕೆಮ್ಮಿಗೆ ತುಂಬಾ ಒಳ್ಳೇದು ಅತ್ತೆ.” ಮಗ ಲೋಟ ಮುಟ್ಟದೆ ಆಫೀಸಿಗೆ ಓಡಿದ.

ನಿದ್ದೆ ಚೆನ್ನಾಗಿ ಬರುತ್ತಿದೆಯಾ? ಮನೆಯ ಬೀಗದ ಕೈ ಎಲ್ಲಿಟ್ಟೆ ಎಂದು ಹುಡುಕಾಡುವುದು ಏನಾದರೂ ಉಂಟಾ? ಸುಮ್ಮನೆ ಕೇಳಿದೆ.

ಅಕ್ಕ

15 ಏಪ್ರಿಲ್

ಅಕ್ಕಾ,

ನಿನ್ನ ಕಾಗದ ಓದಿ ನನಗೆ ತಲೆಬುಡ ತಿಳಿಯಲಿಲ್ಲ. ನೀನೇ ಮಾಡಿದ್ದನ್ನು ನನ್ನನ್ನು ಕೇಳುತ್ತೀಯಲ್ಲ! ಕುದಿಸುವುದು ಯಾಕೆ, ದಾಲ್ಚಿನ್ನಿ ಯಾಕೆ, ಶುಂಠಿ ಯಾಕೆ? ಆ ಮನೆಯಲ್ಲಿ ಇದ್ದದ್ದು ಒಂದು ಸ್ಟವ್, ಒಂದು ಹಳೇ ಫ್ರಿಜ್ಜು, ಒಂದು ಹಾಸಿಗೆ, ಒಂದು ಜಾಡಿ, ಒಂದು ಲೋಟ. ಕಿತ್ತಳೆ ಸಿಪ್ಪೆಗೆ ನಮಗೆ ಕಿತ್ತಳೆ ಎಲ್ಲಿಂದ ಬರಬೇಕು?

ನರ್ಸಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ನಿಮ್ಮ ಅಕ್ಕನಿಗೆ ವಯಸ್ಸೆಷ್ಟು?” ಎಂದರು. ಹೇಳಿದೆ. “ಓಹೋ” ಎಂದರು. ಅವರ ಓಹೋ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಅದಿರಲಿ. ಒಂದು ಆಟ ಆಡೋಣ. ಹಳೆಯದನ್ನು ನೆನೆಸಿಕೊಳ್ಳುವುದು ಮನಸ್ಸಿಗೆ ಒಳ್ಳೆಯದಂತೆ, ಹೀಗೇ ಎಲ್ಲೋ ಓದಿದೆ. ನಮ್ಮ ಆ ಕೋಣೆಯ ಕಿಟಕಿಯಿಂದ ಏನು ಕಾಣುತ್ತಿತ್ತು? ಪಕ್ಕದ ಕೋಣೆಯಲ್ಲಿ ಯಾರಿದ್ದರು? ಕೆಳಗಿನ ಮನೆಯೊಡತಿ ಎಂಥವರು? ಯಾರನ್ನೂ ಕೇಳದೆ ನೀನೇ ಬರೆಯಬೇಕು.

ನಾನು ನಿನ್ನೆ ಮಿಕ್ಸಿಯಲ್ಲಿ ಕಾಫಿ, ಹಾಲು, ಐಸು ಎಲ್ಲಾ ಹಾಕಿ ತಿರುಗಿಸಿದೆ. ಮುಚ್ಚಳ ಹಾರಿ ಅರ್ಧ ಗೋಡೆ ಕುಡಿಯಿತು. ಉಳಿದರ್ಧ ನಾನು ಕುಡಿದೆ. ಗೋಡೆಗೂ ಹಿಡಿಸಲಿಲ್ಲ, ನನಗೂ ಹಿಡಿಸಲಿಲ್ಲ.

ಬಾದಾಮಿ ನೆನೆಸಿ ತಿನ್ನು. ದಿನಾ.

ಪುಟ್ಟಿ

22 ಏಪ್ರಿಲ್

ಪುಟ್ಟಿ,

ಇದೆಂಥ ಆಟವೇ, ಪರೀಕ್ಷೆಗೆ ಕೂರಿಸಿದ ಹಾಗಿದೆ. ಆದರೂ ಬರೆಯುತ್ತೇನೆ. ಕಿಟಕಿಯಿಂದ ಕಾಣುತ್ತಿದ್ದದ್ದು ಎದುರಿನ ಅಂಗಡಿಯ ಹಸಿರು ದೀಪದ ಬೋರ್ಡು. ಆ ಹಸಿರು ಬೆಳಕಲ್ಲಿ ನಮ್ಮ ಗೋಡೆಯೆಲ್ಲ ಪಾಚಿ ಕಟ್ಟಿದ ಹಾಗೆ ಕಾಣುತ್ತಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಪಕ್ಕದ ಕೋಣೆಯಲ್ಲಿದ್ದವನು ಕೊಳಲು ಕಲಿಯುತ್ತಿದ್ದ. ಒಂದೇ ರಾಗ, ಒಂದೇ ಕಡೆ ತಪ್ಪುತ್ತಿದ್ದ. ನನಗೆ ಆಗ ಕಿವಿ ಚೆನ್ನಾಗಿತ್ತು, ಅದೇ ಕಷ್ಟ. ಮನೆಯೊಡತಿಯಂತೂ ಗಟವಾಣಿ. ಒಂಬತ್ತಾದ ಮೇಲೆ ಸ್ಟವ್ ಸದ್ದು ಕೇಳಿದರೆ ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು.

ಪಾಸೋ ಫೇಲೋ? ಈಗ ನೀನು ಹೇಳು. ಅದೇ ಪ್ರಶ್ನೆಗಳಿಗೆ ನಿನ್ನ ಉತ್ತರ ಬರಲಿ.

ಕಾಫಿಯ ವಿಷಯ. ಸಕ್ಕರೆಯ ಪಾಕ ಮಾಡಿ ಬೆರೆಸಿದೆ, ಡಿಕಾಕ್ಷನ್ ಎರಡರಷ್ಟು ಗಟ್ಟಿ ಇಳಿಸಿದೆ. ಆರಿದ ಮೇಲೆ ಕಹಿ ಇನ್ನೂ ಎದ್ದು ಕಾಣುತ್ತದೆ, ಐಸು ಹಾಕಿದ ಸ್ವಲ್ಪ ಹೊತ್ತಿಗೆ ಪಾತ್ರೆ ತೊಳೆದ ನೀರು. ಸೊಸೆಗೆ ನನ್ನ ಮೇಲೆ ಅನುಮಾನ ಶುರುವಾಗಿದೆ. “ಅತ್ತೆ, ಇದು ನೀವು ಮಾಡ್ತಿದ್ದ ಕಾಫಿನಾ, ಚಿಕ್ಕತ್ತೆ ಮಾಡ್ತಿದ್ದ ಕಾಫಿನಾ? ಯಾವಾಗ್ಲೂ ಅವರ ಹೆಸರೇ ಹೇಳ್ತಿದ್ರಲ್ಲ” ಎಂದಳು. ನಿನ್ನ ಕೆಲಸ ನೋಡಿಕೋ ಎಂದೆ.

ಮಹಡಿಯ ಕೋಣೆ ನಿನಗೆ ಬೇಡ ಅನಿಸುತ್ತಿದೆ. ಮೆಟ್ಟಿಲು ಕಡಿದು. ಕೆಳಗೆ ನನ್ನ ಕೋಣೆಗೆ ಅಂಟಿಕೊಂಡಿರುವುದನ್ನೇ ಖಾಲಿ ಮಾಡಿಸುತ್ತಿದ್ದೇನೆ. ರಾತ್ರಿ ಎದ್ದರೆ ನನಗೆ ಗೊತ್ತಾಗುತ್ತದೆ.

ಅಕ್ಕ

27 ಏಪ್ರಿಲ್

ಅಕ್ಕಾ,

ಹಸಿರು ದೀಪ.

ಎಷ್ಟು ಸಲ ಓದಿದರೂ ಅದೇ ಬರೆದಿದೆ. ಇರಲಿ ಬಿಡು, ಒಂದು ದೀಪ ಇದ್ದರೇನು ಬಿಟ್ಟರೇನು. ಕೇಳಿದ್ದಕ್ಕೆ ಹೇಳುತ್ತೇನೆ. ನಮ್ಮ ಕಿಟಕಿಯಿಂದ ಕಾಣುತ್ತಿದ್ದದ್ದು ಶಾಲೆಯ ಮೈದಾನ. ಮಕ್ಕಳ ಗಲಾಟೆಗೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ, ತಲೆಯ ಮೇಲೆ ದಿಂಬು ಒತ್ತಿಕೊಂಡು ಮಲಗುತ್ತಿದ್ದೆ. ಪಕ್ಕದ ಕೋಣೆಗೆ ಸದಾ ಬೀಗ. ಅಲ್ಲಿ ಯಾರೂ ಇರಲಿಲ್ಲ ಅಕ್ಕಾ, ಕೊಳಲೂ ಇರಲಿಲ್ಲ. ಮನೆಯೊಡತಿ ಪಾಪದವರು. ಮಧ್ಯಾಹ್ನ ವರಾಂಡದ ಕುರ್ಚಿಯಲ್ಲಿ ಮುಖದ ಮೇಲೆ ಪೇಪರ್ ಹಾಕಿಕೊಂಡು ಮಲಗಿರುತ್ತಿದ್ದರು. ನನ್ನನ್ನು ಕಂಡರೆ, “ಊಟ ಆಯ್ತೇನಮ್ಮಾ?” ಎನ್ನುತ್ತಿದ್ದರು. ಅವರು ಕೂಗಿದ್ದನ್ನು ನಾನು ಕೇಳಿಯೇ ಇಲ್ಲ.

ನೀನು ಇದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ. ವಯಸ್ಸಾದ ಮೇಲೆ ಒಂದರೊಳಗೊಂದು ಸೇರಿಕೊಳ್ಳುತ್ತದೆ. ನನ್ನ ಷರತ್ತು ಗಿರತ್ತು ಏನೂ ಇಲ್ಲ, ಕಾಫಿ ಬೇಡ. ನಾನು ಬರುತ್ತೇನೆ. ಹಿರಿಯರ ವಸತಿಗೆ ಇಲ್ಲ ಎಂದುಬಿಟ್ಟೆ. ನರ್ಸಮ್ಮನಿಗೆ ಬೇಜಾರಾಯಿತು, ಆದರೂ “ಹೋಗು, ನಿನ್ನ ಅಗತ್ಯ ಅಲ್ಲೇ ಹೆಚ್ಚಿದೆ” ಎಂದರು. ನಾನು ಬರುವವರೆಗೆ ಒಂದು ಮಾತು ನಡೆಸಿಕೊಡು. ಒಲೆಯ ಹತ್ತಿರ ಒಬ್ಬಳೇ ಹೋಗಬೇಡ. ಸೊಸೆಗೆ ಹೇಳು, ಗ್ಯಾಸಿನ ವಾಲ್ವು ಅವಳೇ ನೋಡಿಕೊಳ್ಳಲಿ.

ನಿನ್ನ ಪುಟ್ಟಿ

3 ಮೇ

ಪುಟ್ಟಿ, ನನ್ನ ಬಂಗಾರ,

ಬರುತ್ತೇನೆ ಎಂದೆಯಲ್ಲ, ಅಷ್ಟು ಸಾಕು. ನೀನು ಹೇಳಿದ್ದೇ ಸರಿ. ಮೈದಾನವೇ ಇತ್ತು. ಪಕ್ಕದ ಕೋಣೆಗೆ ಬೀಗವೇ ಇತ್ತು. ಮನೆಯೊಡತಿ ದೇವತೆಯೇ ಆಗಿದ್ದಳು. ನೀನು ಹೇಗೆ ಹೇಳುತ್ತೀಯೋ ಹಾಗೆ.

ನನ್ನನ್ನು ಒಲೆಯ ಹತ್ತಿರ ಹೋಗಬೇಡ ಎಂದು ಯಾಕೆ ಬರೆದೆಯೋ ಅರ್ಥವಾಗಲಿಲ್ಲ. ಯಾರನ್ನೋ ನೆನೆಸಿಕೊಂಡು ನನಗೆ ಬರೆದಿರಬೇಕು. ಪರವಾಗಿಲ್ಲ. ನೀನು ಮಾತ್ರ ಒಬ್ಬಳೇ ಬಸ್ ಹತ್ತಬೇಡ, ಮಗನನ್ನು ಕಳಿಸುತ್ತೇನೆ. ಅವನು ಬಂದಾಗ ‘ಇವನು ಯಾರು’ ಎಂದು ಗಾಬರಿಯಾಗಬೇಡ. ಅವನ ಬಲಗೆನ್ನೆಯ ಮೇಲೆ ಮಚ್ಚೆ ಇದೆ, ಅದನ್ನು ನೋಡಿ ಗುರುತು ಹಿಡಿ.

ಅಕ್ಕ

(ಹಾಳೆಯ ಹಿಂಬದಿ, ಬೇರೆ ಕೈಬರಹ)
ಚಿಕ್ಕತ್ತೆ, ಇದನ್ನು ಅತ್ತೆಗೆ ತಿಳಿಯದ ಹಾಗೆ ಬರೆಯುತ್ತಿದ್ದೇನೆ. ನಿಮಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಅವರು ಊಟ ಬಿಟ್ಟು ಕೂತಿದ್ದಾರೆ. ಮಾವನಿಗೆ ತೋರಿಸಿದ್ದ ಡಾಕ್ಟರ ಹತ್ತಿರ ನಿಮ್ಮ ಬಗ್ಗೆ ಕೇಳಿಕೊಂಡು ಬಂದರು. ಆ ಕಾಫಿ ಮಾಡುತ್ತಿದ್ದವರು ನೀವೇ, ಅದೂ ನಿಮಗೆ ನೆನಪಿಲ್ಲ ಎನ್ನುತ್ತಾರೆ. ದಯವಿಟ್ಟು ಒಮ್ಮೆ ನೀವೇ ವೈದ್ಯರಿಗೆ ತೋರಿಸಿಕೊಳ್ಳಿ. – ಸೊಸೆ

7 ಮೇ

ಅಕ್ಕಾ,

ಮರೆವಾ? ನನಗಾ?

ನಿನಗೆ ಮರೆವು ಬಂದಿದೆ ಎಂದು ನಾನು ಇಲ್ಲಿ ಅನ್ನ ನೀರು ಬಿಟ್ಟು, ನರ್ಸಮ್ಮನ ತಲೆ ತಿಂದು, ಹಿರಿಯರ ವಸತಿಯ ಜಾಗ ಕೈಬಿಟ್ಟು, ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರೆ, ನೀನು ನನ್ನ ಬಗ್ಗೆ ಡಾಕ್ಟರ ಹತ್ತಿರ ಹೋಗಿ ಬಂದೆಯಾ! ಮಚ್ಚೆ ನೋಡಿ ಗುರುತು ಹಿಡಿಯಬೇಕಂತೆ. ಆ ಮಗುವಿಗೆ ಸ್ನಾನ ಮಾಡಿಸಿದವಳು ನಾನು.

ನನ್ನ ನೆನಪು ಹೇಗಿದೆ ಎಂದು ತೋರಿಸಲಾ? ಜಾಡಿಯ ಕೆಂಪು ಮುಚ್ಚಳದ ಅಂಚಿನಲ್ಲಿ ಒಂದು ಸೀಳು. ಒಳಗೆ ಕಪ್ಪು ಕಾಫಿ. ನೀನು ಹಾಲು, ಸಕ್ಕರೆ ಹಾಕುವಷ್ಟರಲ್ಲಿ ಬಸ್ಸಿಗೆ ಹೊತ್ತಾಗಿ ಹಾಗೇ ಬಿಟ್ಟು ಓಡಿರುತ್ತಿದ್ದೆ. ನಾನು ಎದ್ದು ಹಾಲು ಹೊಯ್ದು, ಡಬ್ಬಿಯಿಂದ ಸಕ್ಕರೆ ಹಾಕಿ ಕಲಸುತ್ತಿದ್ದೆ. ಮಧ್ಯಾಹ್ನ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ, ಐಸಿನ ತಟ್ಟೆಗೆ ತುಂಬಲು ಏನೂ ಇಲ್ಲದೆ ಅದಕ್ಕೂ ಒಂದಿಷ್ಟು ಕಾಫಿಯನ್ನೇ ಹೊಯ್ಯುತ್ತಿದ್ದೆ. ಮರುದಿನ ಆ ತುಂಡುಗಳನ್ನೇ ಜಾಡಿಗೆ ಹಾಕುತ್ತಿದ್ದೆ. ಒಂದು ಲೋಟ ಕುಡಿದು, ಉಳಿದದ್ದನ್ನು ನಿನಗೇ ಇಟ್ಟು ಕೆಲಸಕ್ಕೆ ಹೋಗುತ್ತಿದ್ದೆ. ಇದಕ್ಕೆ ‘ಕಾಫಿ ಮಾಡುವುದು’ ಅನ್ನುತ್ತಾರೇನು? ಯಾರೋ ಹೊಲಿದ ಅಂಗಿಗೆ ಗುಂಡಿ ಹಾಕಿದರೆ ನಾನು ದರ್ಜಿಯಾಗುತ್ತೇನಾ?

ಇನ್ನೂ ಒಂದು ನೆನಪಿದೆ, ಕೇಳು. ಭಾನುವಾರ ನೀನು ಬೇಕೆಂದೇ ಮಾಡುತ್ತಿರಲಿಲ್ಲ. ದಿನವಿಡೀ ಮನೆಯಲ್ಲಿದ್ದೂ ಜಾಡಿ ಖಾಲಿ. ವಾರಪೂರ್ತಿ ಕಾದದ್ದು ನಿನ್ನ ಎದುರಿಗೆ ಕೂತು ಅದನ್ನು ಕುಡಿಯಬೇಕು ಎಂದು. ಬಾಯಿಬಿಟ್ಟು ಕೇಳಿದರೆ ಉಳಿದ ದಿನವೂ ನಿಲ್ಲಿಸಿಬಿಡುತ್ತೀಯೇನೋ ಎಂಬ ಹೆದರಿಕೆ. ಹಾಗಾಗಿ ಬಕೆಟ್ಟು, ಸೋಪು, ಬಟ್ಟೆಯ ಹಗ್ಗ, ಸಿಕ್ಕಿದ್ದಕ್ಕೆಲ್ಲ ಕಾಲು ಕೆರೆದು ಜಗಳಕ್ಕೆ ಬರುತ್ತಿದ್ದೆ.

ಈಗ ನೀನು ‘ಆ ಕಾಫಿ ನಾನು ಮಾಡಿಯೇ ಇಲ್ಲ’ ಎನ್ನುತ್ತೀಯ. ನೀನು ಸುಳ್ಳು ಹೇಳುವವಳಲ್ಲ. ಹಾಗಾದರೆ ನಾನು ಇಷ್ಟು ವರ್ಷ ಎದೆಗೆ ಕಟ್ಟಿಕೊಂಡಿದ್ದದ್ದು ಏನು? ಅದೊಂದೂ ಇಲ್ಲದಿದ್ದರೆ ನಮ್ಮ ನಡುವೆ ಉಳಿಯುವುದು ಭಾನುವಾರಗಳು ಮಾತ್ರ. ಅದಕ್ಕಾಗಿ ನಾನು ಯಾಕೆ ಬರಲಿ? ನರ್ಸಮ್ಮ ಇನ್ನೊಮ್ಮೆ ಕೇಳಿ ನೋಡುತ್ತೇನೆ ಎಂದಿದ್ದಾರೆ. ಜಾಗ ಇನ್ನೂ ಖಾಲಿ ಇದ್ದರೆ ಅಲ್ಲಿಗೇ ಹೋಗುತ್ತೇನೆ.

ನನಗೆ ಏನೂ ಅರ್ಥವಾಗುತ್ತಿಲ್ಲ ಅಕ್ಕಾ. ಸಿಟ್ಟು ಬರುತ್ತಿದೆಯೋ ಅಳು ಬರುತ್ತಿದೆಯೋ ಅದೂ ಅರ್ಥವಾಗುತ್ತಿಲ್ಲ.

ನಿನ್ನ ತಂಗಿ

12 ಮೇ

ಪುಟ್ಟಿ,

ನಿನ್ನ ಕಾಗದವನ್ನು ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದೆ. ‘ಒಳಗೆ ಕಪ್ಪು ಕಾಫಿ’ ಅನ್ನುವ ಕಡೆ ಬಂದಾಗ ಅಕ್ಕಿ ಡಬ್ಬಿಯ ಮೇಲೆ ಕೂತುಬಿಟ್ಟೆ. ಸೊಸೆ ನೀರು ತಂದಳು. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ತಿಳಿಯದೆ ಲೋಟ ಹಿಡಿದುಕೊಂಡು ನಿಂತಳು.

ಆ ಕಪ್ಪು ಕಾಫಿ ನಾನು ನೆನೆಹಾಕುತ್ತಿದ್ದದ್ದು. ರಾತ್ರಿ ಸ್ಟವ್ ಹಚ್ಚಲು ಮನೆಯೊಡತಿ ಬಿಡುತ್ತಿರಲಿಲ್ಲವಲ್ಲ. ಅದಕ್ಕೇ ಲೈನಿಂಗ್ ಬಟ್ಟೆಯ ತುಂಡಿನಲ್ಲಿ ಒಂದು ಸಣ್ಣ ಚೀಲ ಹೊಲಿದು, ಅದರಲ್ಲಿ ದಪ್ಪ ಪುಡಿ ಕಟ್ಟಿ, ಜಾಡಿಯ ತಣ್ಣೀರಿನಲ್ಲಿ ಮುಳುಗಿಸಿಟ್ಟು ಮಲಗುತ್ತಿದ್ದೆ. ಬೆಳಿಗ್ಗೆ ಚೀಲ ಹಿಂಡಿ ತೆಗೆದು, ಜಾಡಿಯನ್ನು ಫ್ರಿಜ್ಜಿಗೆ ತಳ್ಳಿ, ಬಸ್ಸಿಗೆ ಓಡುತ್ತಿದ್ದೆ. ಸಂಜೆ ಬಂದು ಹಾಲು ಹಾಕಿ ಬಿಸಿ ಮಾಡಿಕೊಳ್ಳೋಣ ಎಂದು. ಬಂದು ನೋಡಿದರೆ ಕಪ್ಪು ಕಾಫಿ ಇಲ್ಲ. ಬೆಳ್ಳಗೆ, ಸಿಹಿಯಾಗಿ, ತಣ್ಣಗೆ ಬೇರೆಯೇ ಏನೋ ಇರುತ್ತಿತ್ತು. ನನ್ನದನ್ನು ನೀನು ಕುಡಿದು ಮುಗಿಸಿ, ಹೊಸದಾಗಿ ಮಾಡಿಟ್ಟಿದ್ದೀಯ ಅಂದುಕೊಂಡೆ. ಕುಡಿಯಲಿ ಬಿಡು, ರಾತ್ರಿಯೆಲ್ಲ ನಿದ್ದೆಗೆಡುವ ಮಗು ಎಂದು ಮತ್ತೆ ನೆನೆಹಾಕುತ್ತಿದ್ದೆ. ನಾನು ನೆನೆಹಾಕಿದ್ದೇ ಅದು ಅನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ ಕಣೇ.

ನಿನಗೆ ಬಂದ ಪರಿಮಳ ಯಾವುದು ಗೊತ್ತಾ? ಲವಂಗ. ಸಕ್ಕರೆ ಡಬ್ಬಿಗೆ ಇರುವೆ ಬಾರದಿರಲಿ ಎಂದು ನಾನು ತಳದಲ್ಲಿ ಹಾಕಿಡುತ್ತಿದ್ದೆ. ನೀನು ಅದೇ ಸಕ್ಕರೆ ಹಾಕುತ್ತಿದ್ದೆ. ನಾನೋ, ತಂಗಿ ಏನು ಮಸಾಲೆ ಹಾಕುತ್ತಾಳಪ್ಪಾ ಎಂದು ಬೆರಗಾಗುತ್ತಿದ್ದೆ. ಇನ್ನು ಐಸು ಕರಗಿದರೂ ಕಾಫಿ ಯಾಕೆ ತೆಳುವಾಗುತ್ತಿರಲಿಲ್ಲ ಎಂದು ನನಗೆ ಈಗ ಗೊತ್ತಾಯಿತು. ನೀನು ಬರೆಯದಿದ್ದರೆ ಇನ್ನೂ ಪಾತ್ರೆ ತೊಳೆದ ನೀರನ್ನೇ ಕುಡಿಯುತ್ತಿದ್ದೆ.

ಮೊನ್ನೆ ರಾತ್ರಿ ಪುಡಿ ನೆನೆಹಾಕಿದೆ. ನಿನ್ನೆ ಮಧ್ಯಾಹ್ನ ಲವಂಗದ ಸಕ್ಕರೆ, ಹಾಲು ಬೆರೆಸಿ, ಅರ್ಧವನ್ನು ಐಸಿನ ತಟ್ಟೆಗೆ ಹೊಯ್ದೆ. ಇವತ್ತು ಕುಡಿದೆ. ಅದೇ ಪುಟ್ಟಿ, ಅದೇ. ಒಂದು ಗುಟುಕು ಒಳಗೆ ಹೋದದ್ದೇ ತಡ, ಕಾರ್ಖಾನೆಯ ನೂಲಿನ ಧೂಳು ಮೂಗಿಗೆ ಬಂದ ಹಾಗಾಯಿತು. ಸೊಸೆ ಲೋಟ ಖಾಲಿ ಮಾಡಿ, “ಹಾಗಾದ್ರೆ ಇದನ್ನ ಯಾರು ಮಾಡಿದ್ದು ಅಂತ ಹೇಳ್ಬೇಕು ಅತ್ತೆ?” ಎಂದಳು. ನಾನು ಅವಳ ಲೋಟಕ್ಕೆ ಇನ್ನಷ್ಟು ಬಗ್ಗಿಸಿದೆ.

ನಮಗಿಬ್ಬರಿಗೂ ಮರೆವಿಲ್ಲ. ಮರೆಯಲು ಮೊದಲು ಗೊತ್ತಿರಬೇಕಲ್ಲ. ಆ ದೀಪದ ಬೋರ್ಡು ಹಗಲಲ್ಲಿ ನಿನಗೆ ಹೇಗೆ ಕಾಣಬೇಕು? ಮೈದಾನದ ಮಕ್ಕಳು ಕತ್ತಲಲ್ಲಿ ನನಗೆ ಹೇಗೆ ಕೇಳಬೇಕು? ಶನಿವಾರ ರಾತ್ರಿ ನೀನು ವಾರದ ನಿದ್ದೆ ತೀರಿಸುತ್ತಿದ್ದೆ, ಭಾನುವಾರ ಶಾಲೆಗೂ ಅಂಗಡಿಗೂ ರಜೆ. ಕೊಳಲಿನವನೂ ನನ್ನ ಹಾಗೇ ಬೆಳಿಗ್ಗೆ ಬೀಗ ಹಾಕಿಕೊಂಡು ಹೋಗುತ್ತಿದ್ದನೋ ಏನೋ. ಮಧ್ಯಾಹ್ನ ನಿದ್ದೆ ಮಾಡಿ ಎದ್ದ ಮನೆಯೊಡತಿಗೆ ರಾತ್ರಿ ನನ್ನ ಮೇಲೆ ಕೂಗಲು ಶಕ್ತಿ ಬರುತ್ತಿತ್ತು. ನಾವು ಒಂದೇ ಕೋಣೆಯಲ್ಲಿದ್ದೆವು ಅಂದುಕೊಂಡಿದ್ದೇ ತಪ್ಪು.

ಭಾನುವಾರದ ಮಾತಿಗೂ ಉತ್ತರ ಕೇಳು. ಶನಿವಾರ ರಾತ್ರಿ ನಿನಗೆ ರಜೆ, ಮನೆಯಲ್ಲಿರುತ್ತಿದ್ದೆ. ಇವತ್ತು ಹೇಗೂ ಅವಳೇ ಇದ್ದಾಳೆ, ಅವಳೇ ಮಾಡುತ್ತಾಳೆ, ಮತ್ತೆ ನನ್ನ ಬಿಸಿ ಕಾಫಿ ಯಾಕೆ ಎಂದು ನಾನು ಪುಡಿ ನೆನೆಹಾಕುತ್ತಲೇ ಇರಲಿಲ್ಲ. ಭಾನುವಾರ ಎದ್ದು ಖಾಲಿ ಜಾಡಿ ನೋಡಿದರೆ ನನಗೂ ಮೈ ಉರಿಯುತ್ತಿತ್ತು. ಬೆನ್ನ ಹಿಂದೆ ಮಾಡಿಡುತ್ತಾಳೆ, ಮುಖ ನೋಡಿಕೊಂಡು ಕೊಡಲು ಇವಳಿಗೇನು ಕೊಬ್ಬು ಎಂದು. ಬಕೆಟ್ಟು, ಸೋಪು ಅಂತ ನೀನು ಶುರುಮಾಡಿದರೆ ನಾನು ಕಾದುಕೊಂಡೇ ಇರುತ್ತಿದ್ದೆ.

ಎದೆಗೆ ಕಟ್ಟಿಕೊಂಡಿದ್ದದ್ದು ಏನು ಎಂದು ಕೇಳಿದೆಯಲ್ಲ. ನಾನೂ ಅದನ್ನೇ ಕಟ್ಟಿಕೊಂಡಿದ್ದೆ. ವಸತಿಯ ಜಾಗ ಬೇರೆ ಯಾರಿಗಾದರೂ ಹೋಗಲಿ. ಬಾ.

ಅಕ್ಕ

(ಹಿಂಬದಿ)
ಚಿಕ್ಕತ್ತೆ, ತಪ್ಪಾಯಿತು. ಕಾಫಿ ಮಾತ್ರ ನಿಜವಾಗಿಯೂ ಚೆನ್ನಾಗಿದೆ, ಈ ಸಲ ಕೆಮ್ಮಿಗಲ್ಲ. – ಸೊಸೆ

16 ಮೇ

ಅಕ್ಕಾ,

ನಿನ್ನ ಕಾಗದ ನರ್ಸಮ್ಮನಿಗೆ ಓದಿದೆ. ಈ ಸಲ ಓಹೋ ಎನ್ನಲಿಲ್ಲ. “ಪುಡಿ ದಪ್ಪ ಅಂದ್ರೆ ಎಷ್ಟು ದಪ್ಪ?” ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡರು. ವಸತಿಯಲ್ಲಿ ಒಬ್ಬರೇ ಮಾಡಿಕೊಳ್ಳುತ್ತಾರಂತೆ. ಒಬ್ಬರಿಂದಲೇ ಆಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೆ.

ನನಗೆ ಇನ್ನೂ ತಲೆ ಗಿರ್ರೆನ್ನುತ್ತಿದೆ. ನಿನ್ನ ಪ್ರೀತಿ ಎಂದು ನಾನು ಕುಡಿದದ್ದರಲ್ಲಿ ಅರ್ಧ ನನ್ನದೇ, ನನ್ನದು ಎಂದು ನೀನು ಕುಡಿದದ್ದರಲ್ಲಿ ಅರ್ಧ ನಿನ್ನದೇ. ಲೆಕ್ಕ ಹಾಕಲು ಹೋದರೆ ಎಲ್ಲಾ ಕಲಸಿಹೋಗುತ್ತದೆ. ಹಾಕುವುದು ಬಿಟ್ಟೆ.

ಶನಿವಾರ ಸಂಜೆಯ ಬಸ್ಸಿಗೆ ಬರುತ್ತೇನೆ. ಮಚ್ಚೆಯವನು ಬಸ್‌ಸ್ಟ್ಯಾಂಡಿಗೆ ಬಂದರೆ ಸಾಕು. ಮಹಡಿಯ ಕೋಣೆಯೇ ಇರಲಿ, ನನಗೆ ಕಾಲು ಗಟ್ಟಿಯಿದೆ.

ಅವತ್ತು ರಾತ್ರಿ ಮರೆಯದೆ ಪುಡಿ ನೆನೆಹಾಕು. ನಾನು ಮಾಡುತ್ತೇನೆ ಎಂದು ಕಾಯಬೇಡ. ನೀನು ನೆನೆಹಾಕುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಬೇಕು, ಒಂದು ಸಲವೂ ನೋಡಿಲ್ಲ. ಮರುದಿನ ನಾನು ಹಾಲು ಹೊಯ್ಯುವಾಗ ನೀನು ಬಂದು ನೋಡು.

ಮರುದಿನ ಭಾನುವಾರ. ಎರಡು ಲೋಟ ತೆಗೆದಿಡು.

ಪುಟ್ಟಿ